ಎರಡೇ ಹಾಡಿನ ಪಾರ್ಟಿ

"ನಮ್ಮ ಹಟ್ಟಿಯ ಕರು ಇದಕ್ಕಿಂತ ಲಾಯ್ಕ ಕೂಗ್ತದೆ!"

ಲೋಲಾಕ್ಷಿ ಇದನ್ನು ಹೇಳಿದ್ದು ಪಕ್ಕದಲ್ಲಿ ಕೂತಿದ್ದ ಚಿಕ್ಕಮ್ಮ ಕಮಲಾವತಿಯ ಕಿವಿಯಲ್ಲಿ. ಕೇಳಿಸಿದ್ದು ಮಾತ್ರ ಬೆಳ್ಳಾರೆ ಪೇಟೆಗೆಲ್ಲ!

ಮದುವೆ ಚಪ್ಪರದ ಕಂಬಕ್ಕೆ ಕಟ್ಟಿದ್ದ ಮೈಕು ಅವಳ ಭುಜದ ಹತ್ತಿರವೇ ಇತ್ತು. ಅದು ಚಾಲೂ ಇದೆಯೆಂದು ಅವಳಿಗೆ ಗೊತ್ತಿರಲಿಲ್ಲ.

ಗಿಟಾರ್ ನಿಂತಿತು. ಆಮೇಲೆ ಇಡೀ ಚಪ್ಪರ ನಕ್ಕಿತು.

ಹಾಡುತ್ತಿದ್ದ ಯುವಕ ನಗಲಿಲ್ಲ. ಅವನು ಕಡಬದ ತೀರ್ಥರಾಮ. ಬೊಂಬಾಯಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದಾಗ ಅಲ್ಲಿನ ಬ್ಯಾಂಡಿನವರಿಂದ ಗಿಟಾರ್ ಕಲಿತು, 1961ರಲ್ಲಿ ಊರಿಗೆ ಮರಳಿ, ಪುತ್ತೂರಿನಲ್ಲಿ 'ಕುಮಾರಧಾರಾ ಪಾರ್ಟಿ' ಕಟ್ಟಿದವನು. ಮದುವೆಗಳಲ್ಲಿ ಹಾಡುವುದೇ ಪಾರ್ಟಿಯ ಕೆಲಸ.

"ಆ ಕರುವನ್ನು ಕರ್ಕೊಂಡು ಬನ್ನಿ," ಎಂದ ಮೈಕಿನಲ್ಲೇ. "ಅದಕ್ಕೆ ಪುರುಸೊತ್ತಿಲ್ಲದಿದ್ರೆ ನೀವೇ ಬನ್ನಿ!"

ಅಯ್ಯೋ ದೇವರೇ... ಭೂಮಿ ಬಾಯಿ ಬಿಡಬಾರದಾ!

"ಕೂತ್ಕೊಳ್ಳೇ," ಎಂದು ಚಿಕ್ಕಮ್ಮ ಸೆರಗು ಜಗ್ಗಿದರು. ಅದೇ ತಪ್ಪಾಯಿತು. ಲೋಲಾಕ್ಷಿ ಎದ್ದಳು. ಗದ್ದೆಯಲ್ಲಿ ಕೇಳಿ ಕಲಿತ ನಾಟಿ ಹಾಡೊಂದನ್ನು ಹಾಡಿದಳು. ಮೊದಲ ಸಾಲಿಗೆ ಸ್ವರ ನಡುಗಿತು. ಎರಡನೆಯ ಸಾಲಿಗೆ ಅವನ ಗಿಟಾರ್ ಮೆಲ್ಲಗೆ ಬಂದು ಜೊತೆ ಸೇರಿತು.

ಹಾಡು ಮುಗಿದಾಗ ಅವನು ಅವಳನ್ನೇ ನೋಡುತ್ತಿದ್ದ. ಸೋತವನ ನೋಟವಲ್ಲ ಅದು... ಏನನ್ನೋ ಕಂಡುಕೊಂಡವನ ನೋಟ.

*

ಮರುವಾರವೇ ಅವನು ಲೋಲಾಕ್ಷಿಯನ್ನು ಪಾರ್ಟಿಯಲ್ಲಿ ಹಾಡಲು ಕಳಿಸಿ ಎಂದು ಕೇಳಿಕೊಂಡು ಅವಳ ಮನೆಗೆ ಬಂದ. ಅವಳ ತಂದೆ ಬೋಜಪ್ಪನಿಗೆ ಬೆಳ್ಳಾರೆಯಲ್ಲಿ ಜಿನಸಿನ ಅಂಗಡಿ. ತಾಯಿಯಿಲ್ಲದ ಮಗಳ ಮಾತು ಮೀರಲಾಗದೆ ಅವರು ಒಪ್ಪಿದರು.

"ಕಮಲಾವತಿ ಜೊತೆಗೆ ಬರ್ತಾಳಾದ್ರೆ ಹಾಡಲಿ. ಒಬ್ಬಳನ್ನೇ ಕಳಿಸುದಿಲ್ಲ."

ಮುಂದಿನ ವರ್ಷ ಮಂಗಳೂರಿನಿಂದ ರೈಲು ಹತ್ತಿ ಎಲ್ಲರೂ ಮದ್ರಾಸಿಗೆ ಹೋದರು. ಒಂದು ಗ್ರಾಮಫೋನ್ ರೆಕಾರ್ಡು ಮಾಡಿಸಿ ಬಂದರು. ಒಂದು ಬದಿಯಲ್ಲಿ ತೀರ್ಥರಾಮ ಹಾಡಿದ 'ಸೋಡಾ ಬಾಟ್ಲಿ', ಇಂಗ್ಲಿಷ್ ಕುಣಿತದ ತಾಳಕ್ಕೆ. ಇನ್ನೊಂದು ಬದಿಯಲ್ಲಿ ಲೋಲಾಕ್ಷಿಯ 'ಕಡವಿನ ದೋಣಿ', ಹೊಳೆ ದಾಟಲು ಕಾದು ನಿಂತವಳ ಹಾಡು. ಎರಡನ್ನೂ ಬರೆದು ರಾಗ ಹಾಕಿದ್ದು ಅವನೇ.

ರೇಡಿಯೋ ಇದ್ದ ಮನೆಗಳು ಆಗ ಕಡಿಮೆ. ಹಾಡು ಗೆಲ್ಲುವುದೂ ಸೋಲುವುದೂ ಮದುವೆ ಮನೆಯ ಮೈಕ್‌ಸೆಟ್ಟಿನಲ್ಲಿ. ಪುತ್ತೂರಿನ ಅದ್ರಾಮ ತನ್ನ ಬ್ಯಾಟರಿ ಮೈಕ್‌ಸೆಟ್ಟಿನಲ್ಲಿ ಆ ರೆಕಾರ್ಡನ್ನು ಹಾಕಿದ್ದೇ ಹಾಕಿದ್ದು, ಉಳಿದ ಮೈಕ್‌ಸೆಟ್ಟಿನವರೂ ತರಿಸಿಕೊಂಡರು. ಗಂಡಸರಿಗೆ ಸೋಡಾ, ಹೆಂಗಸರಿಗೆ ದೋಣಿ. ಕೇಳಿದವರು ತಮ್ಮ ಮನೆಯ ಮದುವೆಗೂ ಪಾರ್ಟಿಯನ್ನು ಕರೆದರು.

ಎರಡು ವರ್ಷ ಹಾಗೆ ನಡೆಯಿತು. ಎರಡನೆಯ ರೆಕಾರ್ಡನ್ನು ಯಾರೂ ಕೊಳ್ಳಲಿಲ್ಲ.

ಸುಳ್ಯದ ಮದುವೆಯೊಂದರಲ್ಲಿ ತೀರ್ಥರಾಮ ಹೊಸ ಹಾಡೊಂದನ್ನು ಶುರುಮಾಡಿದ. ಹಿಂದಿನ ಸಾಲಿನಿಂದ ಕೂಗು ಬಂತು.

"ಅದೆಲ್ಲ ಬೇಡ ಮಾರಾಯ್ರೆ! ಸೋಡಾ ಕೊಡಿ!"

"ಸೋಡಾ ಕುಡಿದು ದೋಣಿ ಹತ್ತಿಸಿ!"

ಜನ ನಕ್ಕರು. ಅವನೂ ನಕ್ಕು 'ಸೋಡಾ ಬಾಟ್ಲಿ' ಹಾಡಿದ. ಗಿಟಾರಿನ ಮೇಲೆ ಅವನ ಬೆರಳುಗಳು ಬಿಗಿದುಕೊಂಡದ್ದು ಲೋಲಾಕ್ಷಿಗೆ ಮಾತ್ರ ಕಂಡಿತು.

ಊಟದ ನಂತರ ಚಪ್ಪರದ ಹಿಂದೆ ಅವನು ಹೇಳಿದ, "ಮೂರನೇ ಹಾಡೊಂದು ಗೆಲ್ಲಲಿ, ಲೋಲಾಕ್ಷಿಯವರೇ. ಆಗ ನಿಮ್ಮ ಅಪ್ಪನ ಹತ್ರ ಬರ್ತೇನೆ. ಒಂದು ವಿಷಯ ಕೇಳ್ಲಿಕ್ಕುಂಟು."

ಎಂತ ವಿಷಯ ಎಂದು ಅವಳು ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ.

ಈಗಲೇ ಬಂದರೆ ಏನಾಗ್ತದೆ... ನಾನು ಬೇಡ ಅಂತೇನಾ?

"ಆಯ್ತು ಮಾಸ್ಟ್ರೇ," ಎಂದಷ್ಟೇ ಹೇಳಿದಳು.

ಅವನ ಮುಂದಿನ ಹಾಡು ಗೆಲ್ಲಲಿಲ್ಲ. ಅದರ ಮುಂದಿನದೂ ಇಲ್ಲ.

*

1965ರ ಬೇಸಿಗೆಯಲ್ಲಿ ಜಾಲ್ಸೂರಿನಿಂದ ಸಂಬಂಧ ಬಂತು. ಲೋಲಾಕ್ಷಿ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಕಾದಳು.

ಅದೇ ತಿಂಗಳು ನರಿಮೊಗರಿನಲ್ಲಿ ಗೆಳತಿಯ ಮದುವೆ. ಅವತ್ತು ಅವಳು ನೆಂಟಳಾಗಿ ಹೋಗಿದ್ದಳು. ಅದ್ರಾಮನ ಮೈಕ್‌ಸೆಟ್ಟಿನಲ್ಲಿ 'ಸೋಡಾ ಬಾಟ್ಲಿ' ಎರಡೆರಡು ಸಲ ಬಂತು. 'ದೋಣಿ' ಬರಲೇ ಇಲ್ಲ. ಹೆಂಗಸರು ಹೇಳಿ ಕಳಿಸಿದರೂ ಹಾಕಲಿಲ್ಲ.

ಅವಳೇ ಅದ್ರಾಮನ ಮೇಜಿನ ಹತ್ತಿರ ಹೋಗಿ ರೆಕಾರ್ಡನ್ನು ತಿರುಗಿಸಿ ನೋಡಿದಳು. ಅವಳ ಹೆಸರಿದ್ದ ಲೇಬಲ್ಲಿನ ಮೇಲೆ ಬಿಳಿ ಕಾಗದ ಅಂಟಿಸಿತ್ತು!

"ಇದೆಂತ ಅದ್ರಾಮಣ್ಣ?"

"ಕೈತಪ್ಪಿ ಆ ಬದಿ ಹಾಕಬಾರದಲ್ವಾ, ಅದಕ್ಕೆ." ಅವನು ಮುಖ ತಿರುಗಿಸಿದ. "ತೀರ್ಥರಾಮಣ್ಣ ಹೇಳಿದ್ದು. ಎಲ್ಲ ಮೈಕ್‌ಸೆಟ್ಟಿನವರಿಗೂ ಹೇಳಿದ್ದಾನೆ."

ಅವಳು ರೆಕಾರ್ಡನ್ನು ಮೇಜಿನ ಮೇಲಿಟ್ಟಳು. ಅವರ ಬದಿ ಇರಬೇಕು... ನನ್ನ ಬದಿ ಬೇಡ. ಇದ್ದದ್ದೇ ಎರಡು ಹಾಡು. ಅದರಲ್ಲೂ ಒಂದು ನನ್ನದಾದದ್ದು ಅವರಿಗೆ ಸಹಿಸಲಾಗಲಿಲ್ಲ!

ಮನೆಗೆ ಬಂದು ತಂದೆಯೆದುರು ನಿಂತಳು. "ಜಾಲ್ಸೂರಿನವರಿಗೆ ಬರ್ಲಿಕ್ಕೆ ಹೇಳಿ."

*

ಮದುವೆಗೆ ಮೈಕ್‌ಸೆಟ್ ಗೊತ್ತುಮಾಡಲು ಬೋಜಪ್ಪ ಅದ್ರಾಮನನ್ನೇ ಕರೆಸಿದರು. ಲೋಲಾಕ್ಷಿ ಕಾಫಿ ತಂದಳು.

"ದೋಣಿ ಹಾಡು ಮಾತ್ರ ಹಾಕಬಾರದು ನೋಡು," ಎಂದರು ಬೋಜಪ್ಪ.

"ಅದನ್ನು ಈಗ ಯಾರು ಹಾಕ್ತಾರೆ ಬೋಜಪ್ಪಣ್ಣ? ನೀವು ತೀರ್ಥರಾಮನ ಹತ್ರ ಕೈಮುಗಿದು ಕೇಳಿದ ಮೇಲೆ ಅವ ಒಬ್ಬೊಬ್ಬರ ಮನೆಗೂ ನಡೆದುಕೊಂಡು ಹೋಗಿ ನಿಲ್ಲಿಸಿದ. ಆ ಹಾಡು ನಿಂತ ಮೇಲೆ ಪಾರ್ಟಿಯನ್ನು ಕರೆಯುವವರೂ ಇಲ್ಲ. ಗಿಟಾರ್ ಮಾರಿದ. ಇವತ್ತು ಪುತ್ತೂರಿನಿಂದ ಬಸ್ಸು ಹತ್ತಿ ಬೊಂಬಾಯಿಗೆ ಹೊರಟಿದ್ದಾನೆ, ಪಾಪ."

ಇಷ್ಟರೊಳಗೆ ಲೋಲಾಕ್ಷಿಗೂ ಇದೆಲ್ಲ ಗೊತ್ತಾಗಿರಬೇಕೆಂದೇ ಅವನು ತಿಳಿದಿದ್ದ. ಅವಳ ಮುಖ ನೋಡಿ ಮಾತು ನಿಲ್ಲಿಸಿದ.

"ಅಪ್ಪಾ... ನೀವಾ ನಿಲ್ಲಿಸಿದ್ದು?"

"ಮತ್ತೆಂತ ಮಾಡ್ಲಿ? ಸೊಸೆಯ ಸ್ವರ ಊರೂರಿನ ಮೈಕಿನಲ್ಲಿ ಕೂಗಬಾರದು ಅಂತ ಜಾಲ್ಸೂರಿನವರು ಹೇಳಿದ್ರು. ನೀನು ಈ ಮದುವೆಗೆ ಒಪ್ಪಿದ್ದೀ ಅಂತ ತೀರ್ಥರಾಮನ ಹತ್ರ ಹೇಳಿದೆ."

"ಆಗ ನಾನು ಒಪ್ಪಿರಲಿಲ್ಲ!"

"ಎರಡು ಹಾಡು ಇಟ್ಕೊಂಡು ಅವ ನಿನ್ನನ್ನು ಹೇಗೆ ಸಾಕ್ತಾನೆ, ಹೇಳು?"

ಲೋಲಾಕ್ಷಿ ಕಾಫಿ ತಟ್ಟೆಯನ್ನು ಕೆಳಗಿಟ್ಟಳು. ಒಳಗೆ ಹೋಗಿ ಸೀರೆ ಬದಲಿಸಿ ಬಂದಳು.

"ಮೆಟ್ಟಲು ಇಳಿದರೆ ವಾಪಸು ಹತ್ತಬೇಡ!" ಬೋಜಪ್ಪನ ಸ್ವರ ಒಡೆಯಿತು. ಅವರು ಎದ್ದು ತಡೆಯಲಿಲ್ಲ. ಅವಳು ನಿಲ್ಲಲೂ ಇಲ್ಲ.

*

ಪುತ್ತೂರು ಬಸ್ ಸ್ಟ್ಯಾಂಡಿನಲ್ಲಿ ಅವನು ಟ್ರಂಕಿನ ಮೇಲೆ ಕೂತಿದ್ದ. ಮಂಗಳೂರಿನ ಬಸ್ಸು ಇನ್ನೂ ಬಂದಿರಲಿಲ್ಲ. ಅವಳನ್ನು ಕಂಡು ದಡಬಡಿಸಿ ಎದ್ದ.

"ನೀವು... ಇಲ್ಲಿ?"

"ನನ್ನನ್ನು ಒಂದು ಮಾತು ಕೇಳಬಾರದಿತ್ತಾ ಮಾಸ್ಟ್ರೇ?"

ಅವನು ತಲೆ ತಗ್ಗಿಸಿದ.

"ಅಷ್ಟು ಹಿರಿಯರು ಕೈಮುಗಿದರು. ನೀವು ಒಪ್ಪಿದ್ದೀರಿ ಅಂದ್ರು. ಬೇಡ ಅನ್ಲಿಕ್ಕೆ ನಾನು ಯಾರು?"

"ಯಾರು ಅಂತ ನಿಮಗೆ ಗೊತ್ತಿಲ್ವಾ? ಲೇಬಲ್ಲಿನ ಮೇಲೆ ಕಾಗದ ನೋಡಿ, ನಿಮಗೆ ನನ್ನ ಸ್ವರವೇ ಬೇಡವಾಯ್ತು ಅಂದ್ಕೊಂಡೆ. ಆ ಸಿಟ್ಟಿಗೇ ಮದುವೆಗೆ ಒಪ್ಪಿದೆ! ಈಗ ಬಿಟ್ಟು ಬಂದಿದ್ದೇನೆ. ಅಪ್ಪ ಇನ್ನು ಮನೆಗೆ ಸೇರಿಸುದಿಲ್ಲ."

ಅವನು ಒಂದು ಹೆಜ್ಜೆ ಹಿಂದೆ ಸರಿದ.

"ವಾಪಸು ಹೋಗಿ ಲೋಲಾಕ್ಷಿಯವರೇ. ನನ್ನ ಹತ್ರ ಎಂತ ಉಂಟು? ನನ್ನೊಳಗೆ ಇದ್ದದ್ದೇ ಎರಡು ಹಾಡು. ಮತ್ತೆ ಬರೆದದ್ದೆಲ್ಲ ಅವುಗಳದ್ದೇ ಎಂಜಲು. ಮೂರನೇದು ಬರುದಿಲ್ಲ. ಅದು ನನಗೆ ಗೊತ್ತಾಗಿ ಒಂದು ವರ್ಷ ಆಯ್ತು... ಹೇಳ್ಲಿಕ್ಕೆ ಧೈರ್ಯ ಬರಲಿಲ್ಲ."

"ನಾನು ಹಾಡಿಗೆ ಕಾದದ್ದಲ್ಲ."

ಅವನು ತಲೆಯೆತ್ತಿದ.

"ನೀವು ಬಂದು ಕೇಳ್ತೀರಿ ಅಂತ ಕಾದದ್ದು. ಈಗಲೂ ನೀವು ಕೇಳಲಿಲ್ಲ."

ಬಸ್ಸು ಬಂತು. ಜನ ನುಗ್ಗಿದರು. "ಮಂಗ್ಳೂರು, ಮಂಗ್ಳೂರು" ಎಂದು ಕಂಡಕ್ಟರ್ ಕೂಗಿದ. ತೀರ್ಥರಾಮ ಟ್ರಂಕಿನ ಹಿಡಿಗೆ ಕೈ ಹಾಕಿದ... ಕೈ ಹಿಂದೆ ತೆಗೆದ. ಬಸ್ಸು ಹೋಯಿತು.

"ಬೊಂಬಾಯಿಯಲ್ಲಿ ತಟ್ಟೆ ತೊಳೆಯುವ ಕೆಲಸ ಇತ್ತು," ಎಂದ ನಿಧಾನವಾಗಿ. "ಈಗ ಅದೂ ಇಲ್ಲ. ಕಡಬದಲ್ಲಿ ಅಣ್ಣನ ಮನೆಯ ಒಂದು ಚಾವಡಿ ಉಂಟು. ಎಷ್ಟು ದಿನ ಇರ್ಲಿಕ್ಕೆ ಬಿಡ್ತಾನೋ ಗೊತ್ತಿಲ್ಲ. ಇಷ್ಟು ಗೊತ್ತಿದ್ದೂ ಕೇಳ್ತಾ ಇದ್ದೇನೆ... ನನ್ನನ್ನು ಮದುವೆ ಆಗ್ತೀರಾ?"

"ಹೂಂ."

ಅವಳಿಗೆ ಅಳು ಬಂತು. ಅದು ಪೂರ್ತಿ ಸಂತೋಷದ ಅಳು ಅಲ್ಲ. ಬೆಳ್ಳಾರೆಯ ಬಾಗಿಲು ಮುಚ್ಚಿತ್ತು. ಅದು ಮತ್ತೆ ತೆರೆಯುವ ಬಾಗಿಲಲ್ಲವೆಂದು ಅವಳಿಗೆ ಗೊತ್ತಿತ್ತು. ದೋಣಿ ಹಾಡನ್ನು ನಿಲ್ಲಿಸಲು ಈಗ ಕಾರಣವಿಲ್ಲ. ಹಾಕಲೂ ಕಾರಣವಿಲ್ಲ. ಮೈಕ್‌ಸೆಟ್ಟುಗಳಿಗೆ ಹಿಂದಿ ಪಿಕ್ಚರಿನ ಹಾಡುಗಳು ಬಂದಾಗಿತ್ತು.

"ಇನ್ನು ಯಾರೂ ನಿಮ್ಮ ಹಾಡು ಕೇಳುದಿಲ್ಲ," ಎಂದ ಅವನು. "ಬೇಸರ ಆಗುದಿಲ್ವಾ?"

"ಆಗ್ತದೆ," ಎಂದಳು ಕಣ್ಣೊರೆಸಿಕೊಳ್ಳುತ್ತ. "ತುಂಬ ಆಗ್ತದೆ."

ಅವನು ಅವಳ ಒಣಗಿದ ತುಟಿಗಳನ್ನು ನೋಡಿದ.

"ಬೆಳಿಗ್ಗೆಯಿಂದ ಎಂತಾದರೂ ತಿಂದದ್ದುಂಟಾ?"

"ಇಲ್ಲ."

"ಬಾ," ಎಂದ ತೀರ್ಥರಾಮ.

ಇಷ್ಟು ವರ್ಷಗಳಲ್ಲಿ ಅವನು ಅವಳನ್ನು ಹಾಗೆ ಕರೆದದ್ದು ಅದೇ ಮೊದಲು.

"ಇನ್ನೊಂದು ಸಲ ಹೇಳಿ."

"ಬಾ, ಲೋಲಾಕ್ಷಿ."