ಕೆರೆಯ ಪಾಲಿನ ಜೊಂಡು

ಬಹಳ ಹಿಂದೆ, ಕಲ್ಲಿಗೂ ಬಾಯಿದ್ದ ಕಾಲದಲ್ಲಿ, ನೆಲವತ್ತಿಗೆ ಎಂಬ ರಾಜ್ಯವಿತ್ತು. ಅದನ್ನು ಆಳುತ್ತಿದ್ದ ಇರಿವಮಲ್ಲ ರಾಜನಿಗೆ ಹಳೆಯ ಸುರುಳಿಗಳ ಹುಚ್ಚು. ಕೆರೆಯ ಜೊಂಡನ್ನು ಸೀಳಿ, ಅಕ್ಕಪಕ್ಕ ಜೋಡಿಸಿ, ಬಡಿದು ಒಣಗಿಸಿದ ಹಾಳೆಗಳ ಮೇಲೆ ಹಿರಿಯರು ಬರೆದಿಟ್ಟ ಸುರುಳಿಗಳು ಅವು. ರಾಜ ಅರಮನೆಗಿಂತ ದೊಡ್ಡ ಗ್ರಂಥಭಂಡಾರ ಕಟ್ಟಿಸಿ, ತಂದವರಿಗೆ ತುಂಡಿಗಿಷ್ಟು ಚಿನ್ನ ಎಂದು ಡಂಗುರ ಹೊಡೆಸಿದ. ತುಂಡಿಗೆ ಬೆಲೆ ಕಟ್ಟಿದರೆ ಇಡೀ ಸುರುಳಿ ತರುವವನು ದಡ್ಡನಾಗುತ್ತಾನೆ. ಅಷ್ಟು ದೊಡ್ಡ ರಾಜನಿಗೆ ಇಷ್ಟು ಸಣ್ಣ ಮಾತು ಹೊಳೆಯಲಿಲ್ಲ.

ತುಂಡರಾಯ ಎಂಬ ಮಾಂತ್ರಿಕನಿಗೆ ಹೊಳೆಯಿತು. ಅವನ ಬಲಗೈಯ ಎರಡು ಬೆರಳು ಕತ್ತರಿಯ ಅಲಗುಗಳು. ಮುಖ ಮಾತ್ರ ಬಲು ಚೆಂದ, ನೋಡಿದವರು ನಂಬಲೇಬೇಕು. ಊರೂರಿನ ಸುರುಳಿ ಕದ್ದು, ಕಚಕಚ ಕತ್ತರಿಸಿ, ತುಂಡುತುಂಡಾಗಿ ತಂದು ಮಾರಿದ.

"ಎಲ್ಲಿಯದಪ್ಪಾ ಇದು?" ಎಂದು ರಾಜ ಒಮ್ಮೆ ಕೇಳಿದ.

"ಹಾಳೂರಿನದು ಮಹಾಸ್ವಾಮಿ. ಕೇಳೋರು ಯಾರೂ ಉಳಿದಿಲ್ಲ."

ರಾಜನಿಗೆ ಬೇಕಾಗಿದ್ದೂ ಅದೇ ಉತ್ತರ. ಮತ್ತೆಂದೂ ಅವನು ಕೇಳಲಿಲ್ಲ.

ಆದರೆ ಕೇಳುವವರು ಇದ್ದರು. ಜೊಂಡಿಗೆರೆ ಎಂಬ ಊರಿನಲ್ಲಿ ದುಗ್ಗಳೆ ಎಂಬ ತಾಯಿ ಇದ್ದಳು. ಆ ಊರಿನಲ್ಲಿ ಕೂಸಿಗೆ ಹೆಸರಿಡಬೇಕಾದರೆ ಹಿರಿಯರ ಸುರುಳಿ ಓದಬೇಕು. ಓದದೆ ಹೆಸರಿಲ್ಲ, ಹೆಸರಿಲ್ಲದೆ ಬೆಳವಣಿಗೆಯಿಲ್ಲ. ಯಾರಿಗೂ ಬಾಯಿಪಾಠ ಇರಲಿಲ್ಲವೇ ಎನ್ನಬೇಡಿ. ಸುರುಳಿ ಕಳುವಾದ ದಿನವೇ ಅದರ ಮಾತೂ ಎಲ್ಲರ ಬಾಯಿಂದ ಅಳಿಸಿಹೋಗಿತ್ತು. ದುಗ್ಗಳೆಯ ಮಗಳ ವಾರಿಗೆಯ ಪಕ್ಕದೂರ ಮಕ್ಕಳು ಆಗಲೇ ಕುಂಟೆಬಿಲ್ಲೆ ಆಡುತ್ತಿದ್ದರು. ಇವಳು ಇನ್ನೂ ತೊಟ್ಟಿಲಲ್ಲಿ, ಹಲ್ಲಿಲ್ಲದ ಬಾಯಿ ಬಿಟ್ಟು ನಗುತ್ತಿದ್ದಳು. ಮಗಳು ನಡೆದಾಗ ಉಡಿಸಲೆಂದು ಹೊಲಿದ ಲಂಗ ಪೆಟ್ಟಿಗೆಯಲ್ಲಿ ಮಾಸುತ್ತಿತ್ತು. ಅದನ್ನು ನೋಡಿದಾಗಲೆಲ್ಲ ದುಗ್ಗಳೆ ಅಳುತ್ತಿದ್ದಳು.

"ಅತ್ತು ಅತ್ತು ಸಾಕಾಯ್ತು. ಇನ್ನು ಹೋಗಿ ತರ್ತೀನಿ," ಎಂದಳು. ಕೂಸನ್ನು ಬೆನ್ನಿಗೆ ಕಟ್ಟಿದಳು. ಸೋರೆಬುರುಡೆಯಲ್ಲಿ ಊರ ಕೆರೆಯ ನೀರು ತುಂಬಿದಳು. ಸುರುಳಿ ಸುತ್ತುತ್ತಿದ್ದ ಕೋಲನ್ನು ಕೈಯಲ್ಲಿ ಹಿಡಿದಳು. ಕಳ್ಳ ಅವಸರದಲ್ಲಿ ಕಿತ್ತಿದ್ದರಿಂದ ಬೆರಳಗಲದ ಹಾಳೆ ಅದಕ್ಕೆ ಅಂಟಿಕೊಂಡೇ ಉಳಿದಿತ್ತು. ಹಾದಿಯುದ್ದಕ್ಕೂ ಕೇಳುತ್ತಾ, ಜನ ಕಂಡೆವೆಂದ ಚೆಲುವ ಮುಖದ ಕಳ್ಳನ ಜಾಡು ಹಿಡಿದು ಭಂಡಾರಕ್ಕೆ ಬಂದಳು.

ಬಾಗಿಲಲ್ಲಿ ಕಲ್ಲಿನ ಸಿಂಹ ಅಡ್ಡ ಮಲಗಿತ್ತು.

"ತರೋರಿಗೆ ಬಾಗಿಲು, ಕೇಳೋರಿಗೆ ಬಾಯಿ," ಎಂದು ಹಲ್ಲು ತೋರಿಸಿತು. "ಏನು ತಂದೆ?"

"ಒಳಗಿರೋ ಸುರುಳಿಯ ಬುಡ ತಂದೀನಿ. ಬುಡ ಬಂದ್ರೆ ಬೇಡ ಅಂತೀಯಾ?" ಎಂದು ಕೋಲು ತೋರಿಸಿದಳು.

ಸಿಂಹ ಮೂಸಿ ನೋಡಿತು, ಬಾಲ ಮುದುರಿ ಸರಿಯಿತು. ಮೊದಲ ಗಂಡಾಂತರ ಹಾಗೆ ಕಳೆಯಿತು.

ಒಳಗೆ ಎರಡನೆಯದು ಕಾದಿತ್ತು. ತುಂಡರಾಯನ ಮಂತ್ರದಿಂದ ಹೆಜ್ಜೆಯ ಸದ್ದಾದೊಡನೆ ತುಂಡುಗಳೆಲ್ಲ ದೀಪದ ಹಾತೆಗಳಂತೆ ಹಾರಿ ಚಾವಣಿಗೆ ಅಂಟಿದವು. ಸಾವಿರ ಊರಿನ ತುಂಡುಗಳಲ್ಲಿ ತನ್ನವು ಯಾವುವು? ಗದ್ದಲ ಕೇಳಿ ಬಂದ ರಾಜ ನಕ್ಕ. "ಗುರುತು ಹಿಡಿದರೆ ಕೊಡುತ್ತೇನೆ ತಾಯಿ. ನನಗೇ ಗೊತ್ತಾಗುವುದಿಲ್ಲ."

ಹಾಳೆ ಮಾಡುವ ಎಲ್ಲ ಊರುಗಳಂತೆ ಜೊಂಡಿಗೆರೆಯಲ್ಲೂ ಒಂದು ಪದ್ಧತಿ. ಹಾಳೆ ಮಾಡುವಾಗ ಎಲ್ಲ ಎಳೆಗಳ ಬುಡವನ್ನೂ ಒಂದೇ ಕಡೆಗಿಟ್ಟು, ಸುರುಳಿಯ ಉದ್ದಕ್ಕೂ ಒಂದೇ ಒಂದು ಎಳೆಯನ್ನು ತಿರುಗುಮುರುಗಾಗಿ ಇಡುತ್ತಾರೆ. ಅದು ಕೆರೆಯ ಪಾಲು. ಆ ಎಳೆ ಎಷ್ಟು ಕಾಲವಾದರೂ ತನ್ನ ಕೆರೆಯ ನೀರನ್ನು ಮರೆಯುವುದಿಲ್ಲ.

ದುಗ್ಗಳೆ ಬುರುಡೆಯ ನೀರನ್ನು ಮೇಲಕ್ಕೆ ಚಿಮುಕಿಸಿದಳು. ಕೆಲವು ತುಂಡುಗಳಲ್ಲಿ ಒಂದೊಂದು ಎಳೆ ಹಸಿರಾಗಿ ಚಿಗುರಿತು. ಅವು ಇಳಿದು ಬಂದು ಕೋಲಿಗಂಟಿದ ಹಾಳೆಗೆ ತಮ್ಮಷ್ಟಕ್ಕೆ ಕೂಡಿಕೊಂಡವು. ರಾಜನ ನಗು ನಿಂತಿತು. ಆದರೆ ನಡುವೆ ಒಂದು ಕಡೆ ಅಂಗೈಯಗಲದ ಜಾಗ ಖಾಲಿ ಉಳಿಯಿತು. ಹರಸುವ ಮಾತಿದ್ದದ್ದು ಅಲ್ಲೇ.

ಆಗ ತುಂಡರಾಯ ನಗುತ್ತಾ ಬಂದ. "ಅಯ್ಯೋ ತಂಗೀ, ಇದನ್ನೇ ಹುಡುಕ್ತಿದ್ದೀಯಾ? ತಗೋ. ಹೊತ್ತು ಮುಳುಗೋದ್ರೊಳಗೆ ಮನೆ ಸೇರು," ಎಂದು ಒಂದು ತುಂಡು ಚಾಚಿದ. ಬಣ್ಣ ಅದೇ, ಬರಹ ಅದೇ, ಅಂಚೂ ಸರಿಯಾಗಿ ಕೂರುವಂತಿತ್ತು. ದುಗ್ಗಳೆ ಕೈಯೊಡ್ಡಿದಳು. ತೆಗೆದುಕೊಂಡು ಓಡಿಬಿಡೋಣ ಅನ್ನಿಸಿತು. ಆದರೂ ಹೆಬ್ಬೆರಳಿನಿಂದ ಒಂದೊಂದೇ ಎಳೆ ಸವರಿದಳು.

"ಬುದ್ಧೀ, ಇದು ನಮ್ದಲ್ಲ," ಎಂದಳು ರಾಜನಿಗೆ. "ಇದರಲ್ಲಿ ಎಲ್ಲಾ ಎಳೆನೂ ನೆಟ್ಟಗಿದೆ. ನಮ್ಮೋರು ತಿರುವಿಟ್ಟಿದ್ದನ್ನ ಇವನು ತಪ್ಪು ಅಂದ್ಕೊಂಡು ನಕಲಲ್ಲಿ ತಿದ್ದಿದ್ದಾನೆ."

"ಹಾಗಾದರೆ ನಿಜವಾದದ್ದು ಎಲ್ಲಿ?"

ಸುರುಳಿಯ ಚಿಗುರುಗಳೆಲ್ಲ ಮೆಲ್ಲಗೆ ಬಾಗಿದವು, ತುಂಡರಾಯನ ಮುಖದತ್ತ. ಅವನು ಹಿಂದೆ ಸರಿದ. ಬುರುಡೆಯಲ್ಲಿ ಉಳಿದದ್ದು ಒಂದೇ ಬೊಗಸೆ. ದುಗ್ಗಳೆ ಅದನ್ನೂ ಉಳಿಸಲಿಲ್ಲ, ಅವನ ಮುಖಕ್ಕೆ ಎರಚಿದಳು.

ಮುಖ ಚಿಗುರಿತು! ಮೊದಲ ಕಳವಿನಲ್ಲೇ ಸಿಕ್ಕ ಈ ಹಾಳೆಯನ್ನು ಅಂಟಿಸಿ, ಬಣ್ಣ ಬಳಿದು ಮಾಡಿಕೊಂಡ ಮುಖವಾಡ ಅದು. ಅದು ಕಳಚಿ ಹಾರಿಬಂದು ಖಾಲಿ ಜಾಗದಲ್ಲಿ ಕೂತಿತು. ಅದರ ಹಿಂದೆ ಮುಖವೇ ಇರಲಿಲ್ಲ. ತುಂಡರಾಯ ನಿಂತಲ್ಲಿ ತುಕ್ಕು ಹಿಡಿದ ಕತ್ತರಿಯೊಂದು ಠಣ್ಣನೆ ಬಿತ್ತು. ಚಾವಣಿಯ ತುಂಡುಗಳೆಲ್ಲ ಮೆತ್ತಗೆ ನೆಲಕ್ಕಿಳಿದವು.

ರಾಜ ತಲೆ ತಗ್ಗಿಸಿದ. "ಕೇಳಬೇಕಾದದ್ದನ್ನು ನಾನು ಕೇಳಲಿಲ್ಲ ತಂಗಿ. ಆದರೂ ಇದು ಇಲ್ಲೇ ಇದ್ದರೆ ಹುಳ ಹಿಡಿಯುವುದಿಲ್ಲ, ನೋಡು."

"ಇಲ್ಲಿದ್ರೆ ಹುಳ ಹಿಡಿಯಲ್ಲ, ನಿಜ ಬುದ್ಧಿ. ಅಲ್ಲಿದ್ರೆ ಮಕ್ಕಳು ಬೆಳೀತವೆ."

ರಾಜ ಆಳುಗಳ ಕಡೆ ತಿರುಗಿದ. "ಪಲ್ಲಕ್ಕಿ ತನ್ನಿ," ಎಂದ. ಪಲ್ಲಕ್ಕಿಯಲ್ಲಿ ಸುರುಳಿ ಹೋಯಿತು, ರಾಜ ಪಕ್ಕದಲ್ಲಿ ನಡೆದ.

ಕೆರೆಯ ದಂಡೆಯಲ್ಲಿ ಹಿರಿಯರು ಸುರುಳಿ ಬಿಚ್ಚಿ ಓದಿದರು. ಕೂಸಿನ ನಾಲಿಗೆಗೆ ನೀರು ಮುಟ್ಟಿಸಿ "ಚಾಗಲೆ" ಎಂದರು. ಚಾಗಲೆಗೆ ಆ ಸಂಜೆಯೇ ಹಲ್ಲು ಬಂತು. ಊರಿನ ತೊಟ್ಟಿಲುಗಳೆಲ್ಲ ಒಂದೊಂದಾಗಿ ಅಟ್ಟ ಸೇರಿದವು.

ಆಮೇಲೆ ಭಂಡಾರದವರು ತುಂಡುಗಳನ್ನು ಹೊತ್ತು ಕೆರೆಯಿಂದ ಕೆರೆಗೆ ಅಲೆದರು. ಯಾವ ನೀರಿಗೆ ಚಿಗುರಿತೋ ಆ ಊರಿಗೆ ಕೊಟ್ಟರು, ಊರವರು ಒಪ್ಪಿದರೆ ನಕಲು ಬರೆದುಕೊಂಡರು. ಕಲ್ಲಿನ ಸಿಂಹವೂ ಪಾಠ ಕಲಿಯಿತು. ಈಗ ಅದು ಏನು ತಂದೆ ಎನ್ನುವ ಮೊದಲು, ಯಾರ ಮನೆಯದು ಎಂದು ಕೇಳುತ್ತದೆ.

ಮುಂದಿನ ಸುಗ್ಗಿಗೆ ದುಗ್ಗಳೆ ಪೆಟ್ಟಿಗೆಯ ಲಂಗ ತೆಗೆದು ಮಗಳಿಗೆ ಉಡಿಸಿದಳು. ಅದು ಮೊಣಕಾಲಿಗೇ ನಿಂತಿತು.

"ಅವ್ವಾ, ಗಿಡ್ಡ ಆಯ್ತು!" ಎಂದು ಚಾಗಲೆ ಸಿಡಿಮಿಡಿಗೊಂಡಳು.

"ಆಗ್ಲಿ ಮಗಳೇ, ಆಗ್ಲಿ," ಎಂದು ದುಗ್ಗಳೆ ಅಳುತ್ತಾ ನಗುತ್ತಾ ಅಂಚು ಬಿಚ್ಚತೊಡಗಿದಳು. ಅವರು ಸುಖವಾಗಿದ್ದರು, ನೆಲವತ್ತಿಗೆಯೂ ಸುಖವಾಗಿತ್ತು.