ನವಮಿಗೆ ಮೊದಲೋ, ಆಮೇಲೋ

ಅಕ್ಟೋಬರ್ ಹನ್ನೊಂದು, ಶನಿವಾರ. ಬೆಳಿಗ್ಗೆ ಹತ್ತೂಕಾಲಿಗೆ ಜಲಜ ಠಾಣೆಯ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿದ್ದದ್ದು ಅದೇ ಠಾಣೆಯಿಂದ ಹೋದ ನೋಟಿಸ್. ಗಂಡ ತೀರಿಕೊಂಡ ಮೇಲೆ ಅವರ ಹಳದಿ ಬೋರ್ಡಿನ ಓಮ್ನಿಯನ್ನು ತಾವೇ ಓಡಿಸಿ, ತೆಕ್ಕಟ್ಟೆಯ ಮಕ್ಕಳನ್ನು ಕೋಟದ ಶಾಲೆಗೆ ಬಿಟ್ಟು ಬರುವ ಹೆಂಗಸು. ಹೆದ್ದಾರಿ ಬದಿಯಲ್ಲಿ ಅವರನ್ನು ನೋಡದವರಿಲ್ಲ.

"ಮೇಡಂ, ಇದ್ರಗೆ ಎಂತ ಬರ್ದದ್ದ್? ಓದಿ ಓದಿ ನಂಗೆ ತಲಿ ಕೆಟ್ಟೋಯ್ತ್."

ಸಬ್ ಇನ್‌ಸ್ಪೆಕ್ಟರ್ ಸ್ವರ್ಣಲತಾ ನೋಟಿಸ್ ತೆಗೆದುಕೊಂಡರು. ಅವರಿಗೆ ಓದುವ ಅಗತ್ಯವಿರಲಿಲ್ಲ, ಬರೆಸಿದವರು ಅವರೇ. ಅಕ್ಟೋಬರ್ ನಾಲ್ಕರ ಸಂಜೆ ಐದೂವರೆಗೆ ತೆಕ್ಕಟ್ಟೆಯ ಹತ್ತಿರ, ಹೆದ್ದಾರಿಯ ಡಿವೈಡರ್ ತೆರೆದಿರುವಲ್ಲಿ, ಜಲಜ ತಮ್ಮ ಓಮ್ನಿಯನ್ನು ನಿರ್ಲಕ್ಷ್ಯದಿಂದ ಹಿಂದಕ್ಕೆ ಚಲಾಯಿಸಿ, ಹಿಂದೆ ನಿಂತಿದ್ದ ಕಾರಿಗೆ ಡಿಕ್ಕಿ ಹೊಡೆದರು ಎಂದು ದೂರು. ಕೊಟ್ಟವನು ಶಂಕರನಾರಾಯಣ ಎಂಬ ಊರಿನ ಕಡೆಯ ರತೀಶ್. ಬೆಂಗಳೂರಿನಲ್ಲಿ ಹೋಟೆಲು, ನವರಾತ್ರಿಗೆ ಊರಿಗೆ ಬಂದವನು. ಆರನೇ ತಾರೀಕು ಎಫ್‌ಐಆರ್ ಆಗಿತ್ತು.

"ಗುದ್ದದ್ದ್ ಹೌದ್ ಮೇಡಂ," ಜಲಜ ಹೇಳಿದರು. "ಆರೆ ನಾ ಅಲ್ಲ, ಅವ್ರ್. ನಾನ್ ತಿರ್ಗುಕೆ ಅಂದೇಳಿ ಇಂಡಿಕೇಟರ್ ಹಾಕಿ ನಿಂತಿದ್ದೆ. ಹಿಂದಿಂದ ಬಂದ್ ಗುದ್ರ್. ಅದೂ ನಾಲ್ಕನೇ ತಾರೀಕಲ್ಲ. ನವಮಿಗೆ ಎರ್ಡ್ ದಿನ ಮುಂಚೆ."

ಈ ಸಲ ನವಮಿ ಅಕ್ಟೋಬರ್ ಒಂದಕ್ಕೇ ಕಳೆದಿತ್ತು. "ಹಾಂಗಾರೆ ಅವತ್ತೇ ಎಂತಕ್ ಬರ್ಲಿಲ್ಲ?"

"ರಾಜೀವಣ್ಣ ಬೇಡ ಅಂದ್ರ್."

ಹೆಡ್ ಕಾನ್‌ಸ್ಟೆಬಲ್ ಪ್ರೇಮಾನಂದ ತಲೆ ಎತ್ತಿದರು. ಕೋಟದ ಇನ್ಶೂರೆನ್ಸ್ ಏಜೆಂಟ್ ರಾಜೀವಣ್ಣ ಎಂದರೆ ಯಾರಿಗೆ ಗೊತ್ತಿಲ್ಲ? ಪ್ರೇಮಾನಂದರ ಬೈಕಿಗೂ ಅವರದೇ ಪಾಲಿಸಿ. ಜಲಜರ ಓಮ್ನಿಗೂ ಅವರೇ, ರತೀಶನ ಕಾರಿಗೂ ಅವರೇ. ಗುದ್ದಿದ ಕೂಡಲೇ ಇಬ್ಬರೂ ರಸ್ತೆ ಬದಿಯಲ್ಲಿ ನಿಂತು ಫೋನ್ ಮಾಡಿದ್ದೂ ಅವರಿಗೇ. ಠಾಣೆಗೆ ಹೋಗಬೇಡಿ, ಎಲ್ಲ ತಾನು ಸರಿ ಮಾಡುತ್ತೇನೆ, ಹೇಳುವವರೆಗೆ ಓಮ್ನಿಯನ್ನು ಗ್ಯಾರೇಜಿಗೂ ಬಿಡಬೇಡಿ ಎಂದರಂತೆ. ಹಿಂದಿನ ಬಾಗಿಲನ್ನು ಹಗ್ಗದಲ್ಲಿ ಕಟ್ಟಿಕೊಂಡು ಜಲಜ ಮನೆಗೆ ಹೋಗಿದ್ದರು.

"ರಜೆ ಇತ್ತ್, ಗಾಡಿಯಗೆ ಮಕ್ಕಳ್ ಇರ್ಲಿಲ್ಲ, ಪುಣ್ಯ ಅಂದೇಳಿ ಸುಮ್ನಾದೆ. ಈಗ ಶಾಲೆ ಶುರುವಾಯ್ತ್, ಒಂದ್ ಮಗುನೂ ಬತ್ತಿಲ್ಲೆ. ನನ್ ಮೇಲೆ ಕೇಸ್ ಆಯ್ತ್ ಅಂದೇಳಿ ಅಪ್ಪ ಅಮ್ಮಂದಿರ್ ವಾಟ್ಸಾಪಗೆ ಬಂತಂಬ್ರ್. ನಾನ್ ಹಿಂದೆ ಕಾಣ್ದೆ ಗಾಡಿ ಓಡ್ಸುದಂಬ್ರ್." ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಇಷ್ಟ್ ವರ್ಷಕ್ಕೆ ಒಂದ್ ಮಗಿನ್ ಕೈ ತರ್ಚಲಿಲ್ಲ ಮೇಡಂ. ಮಕ್ಳ್ ಬರ್ದಿದ್ರೆ ನಾ ಎಂತ ಮಾಡುದ್?"

ಸ್ವರ್ಣಲತಾಗೆ ಕಸಿವಿಸಿಯಾಯಿತು. ಒಂದು ಕಡೆ ತಮ್ಮದೇ ಸಹಿ ಇರುವ ಎಫ್‌ಐಆರ್, ಇನ್ನೊಂದು ಕಡೆ ಎದುರಿಗೆ ಕುಳಿತು ಕಣ್ಣು ಒರೆಸಿಕೊಳ್ಳುತ್ತಿರುವ ಈ ಹೆಂಗಸು. ಯಾರೋ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂಬುದಷ್ಟೇ ಖಚಿತ. ಹೇಳಿಕೆ ಬರೆದುಕೊಂಡು, ಜೀಪು ತೆಗೆಯಲು ಹೇಳಿದರು.

ಜೀಪಿನ ಬಾನೆಟ್ ಮೇಲೆ ಆಯುಧಪೂಜೆಯ ಗಂಧ, ಕುಂಕುಮ ಇನ್ನೂ ಹಾಗೇ ಇತ್ತು. ಎಸ್‌ಪಿ ಸಾಹೇಬರು ಬರುವ ದಿನ ಹತ್ತಿರವಿದೆ, ಒರೆಸಿ ಎಂದು ಸ್ವರ್ಣಲತಾ ಎರಡು ಸಲ ಹೇಳಿದ್ದರು. ಪ್ರೇಮಾನಂದ ಕೇಳಿರಲಿಲ್ಲ.

"ಪೂಜಿ ಮಾಡದ್ದನ್ನ ಒರ್ಸುಕಾಗ ಮೇಡಂ. ಅದಾಗೇ ಹೋಯ್ಕ್. ನಮ್ಮನೆ ಬೈಕಗೆ ಹಾರ ಸೈತ ಇತ್ತ್."

"ನಿಮ್ಮನೆ ಬೈಕಿಗೆ ದೀಪಾವಳಿವರೆಗೂ ಇರ್ಲಿ. ಇದ್ ಸರ್ಕಾರದ್ ಗಾಡಿ."

ಅಪಘಾತದ ಸ್ಥಳದಲ್ಲಿ ಒಡೆದ ಗಾಜಿನ ಚೂರು ಬಿಟ್ಟರೆ ಏನೂ ಇರಲಿಲ್ಲ. ಆ ಚೂರು ಯಾವ ದಿನದ್ದೆಂದು ಯಾರು ಹೇಳಬೇಕು? ಪಂಚನಾಮೆಯಲ್ಲಿ ಬರೆದದ್ದೆಲ್ಲ ರತೀಶ್ ಬೆರಳು ಮಾಡಿ ತೋರಿಸಿದ್ದೇ ಆಗಿತ್ತು. ಪೆಟ್ರೋಲ್ ಬಂಕಿನ ಕ್ಯಾಮೆರಾದಲ್ಲಿ ಐದು ದಿನಕ್ಕಿಂತ ಹಳೆಯದು ಉಳಿಯುವುದಿಲ್ಲ ಎಂದರು. ಉಳಿದವರು ರಸ್ತೆ ಬದಿಯವರು. ಈ ಊರಿನವರು ನವರಾತ್ರಿಯ ಹೊತ್ತಿಗೆ ತಾರೀಕು ಲೆಕ್ಕ ಇಡುವುದಿಲ್ಲ. ಹಬ್ಬದ ಮುಂಚೆ, ಹಬ್ಬ ಕಳೆದ ಮೇಲೆ, ಅಷ್ಟೇ.

ಚಾ ಅಂಗಡಿಯ ಬಚ್ಚ ಖಂಡಿತವಾಗಿ ಹೇಳಿದ. "ನವಮಿಗೆ ಮುಂಚೆ ಮೇಡಂ. ಅಂಗಡಿ ತೊಳುಕೆ ಅಂದ್ ಸಾಮಾನೆಲ್ಲ ಹೊರಗೆ ಇಟ್ಟಿದ್ದೆ. ಧಡಾರ್ ಅಂತ್. ಓಡ್ ಹೋಯಿ ಕಂಡೆ. ಓಮ್ನಿಯಗೆ ಜಲಜಕ್ಕ ಇದ್ದಿತ್."

ಅಲ್ಲೇ ಸ್ಕೂಟಿ ನಿಲ್ಲಿಸಿಕೊಂಡು ಮೀನು ಮಾರುತ್ತಿದ್ದ ಬಾಗಿ ಎಂಬ ಹೆಂಗಸು ಬಿಡಲಿಲ್ಲ. "ಎಂತ ಮಾತಾಡ್ತ್ಯಾ ಮರಾಯ? ನವರಾತ್ರಿಗೆ ಮೀನ್ ತಕಂಬವ್ರ್ ಇಲ್ಲ ಅಂದೇಳಿ ನಾನ್ ಈ ಬದಿಗೆ ಬರ್ಲೇ ಇಲ್ಲ. ಹಬ್ಬ ಕಳ್ದ್ ಮೇಲೆ ಬಂದ ದಿನವೇ ಇಲ್ಲಿ ಒಡ್ದ್ ಕಾರ್ ಕಂಡೆ. ಈ ಎರ್ಡ್ ಕಣ್ಣಗೆ ಕಂಡೆ."

"ನೀ ಕನಸಗೆ ಕಂಡದ್ದ್!"

"ನೀ ನಿದ್ದಿ ಮಂಪರಗೆ ಕಂಡದ್ದ್!"

ಇಬ್ಬರೂ ಜೋರು ಮಾಡಿದರು. ಸ್ವರ್ಣಲತಾ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದರು. ಇಬ್ಬರಿಗೂ ಸುಳ್ಳು ಹೇಳಿ ಸಿಗುವುದೇನೂ ಇರಲಿಲ್ಲ. ಇಬ್ಬರ ಮಾತಿಗೂ ಕಾರಣವಿತ್ತು. ಹಾಗಾದರೆ ಒಂದೇ ಕಾರು ಒಂದೇ ಜಾಗದಲ್ಲಿ ಎರಡು ಸಲ ಒಡೆಯಿತೇ? ಬೈಂದೂರಿನ ತಮ್ಮ ಮನೆಯಲ್ಲಿ ಅಮ್ಮ ಅಡುಗೆಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಗೊಂದಲವಾದಾಗ ನಿಲ್ಲುವ ಹಾಗೆ ಅವರೂ ರಸ್ತೆ ಮಧ್ಯೆ ಸೊಂಟಕ್ಕೆ ಕೈ ಕೊಟ್ಟು ನಿಂತರು.

"ಪ್ರೇಮಾನಂದ, ನಿಮ್ಗೆ ಎಂತಾರೂ ಅರ್ಥ ಆಯ್ತಾ?"

"ಇಲ್ಲ ಮೇಡಂ."

"ನಂಗೂ ಇಲ್ಲ."

ಠಾಣೆಗೆ ಮರಳಿ ಕಾರಿನ ನಂಬರ್ ಹಾಕಿ ನೋಡಿದರು. ಮೊಬೈಲಿನಲ್ಲಿ ಬಂದ ವಿವರ ಅವರನ್ನು ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿತು. ಹಳೆಯ ವಿಮೆ ಸೆಪ್ಟೆಂಬರ್ ಇಪ್ಪತ್ತೆರಡಕ್ಕೆ ಮುಗಿದಿತ್ತು. ಹೊಸದು ಶುರುವಾದದ್ದು ಅಕ್ಟೋಬರ್ ನಾಲ್ಕರಂದು, ಅಪಘಾತವಾಯಿತೆಂದು ರತೀಶ್ ಹೇಳಿದ ದಿನವೇ. ಅದೂ ಥರ್ಡ್ ಪಾರ್ಟಿ ಮಾತ್ರ. ಅಂದರೆ ಎದುರಿನವರಿಗೆ ಆದ ನಷ್ಟವನ್ನು ಕಂಪನಿ ಕೊಡುತ್ತದೆ, ರತೀಶನ ಕಾರಿಗೆ ಆದದ್ದನ್ನು ಕೊಡುವುದಿಲ್ಲ. ಅವನ ಕಾರು ರಿಪೇರಿಯಾಗಬೇಕಾದರೆ ತಪ್ಪು ಎದುರಿನವರದ್ದಾಗಿರಬೇಕು. ಆಗ ಜಲಜರ ಓಮ್ನಿಯ ಕಂಪನಿ ಕೊಡಬೇಕಾಗುತ್ತದೆ.

ಅನುಮಾನ ಗಟ್ಟಿಯಾಯಿತು. ಆದರೆ ಅನುಮಾನವನ್ನು ನ್ಯಾಯಾಲಯ ಸಾಕ್ಷಿ ಎಂದು ಒಪ್ಪುವುದಿಲ್ಲ. ಹಬ್ಬ ಕಳೆದು ವಿಮೆ ಮಾಡಿಸಿ ಅದೇ ದಿನ ಅಪಘಾತವಾದ ನತದೃಷ್ಟ ತಾನು ಎಂದು ರತೀಶ್ ಹೇಳಿದರೆ ಏನು ಮಾಡುವುದು?

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಬ್ರಹ್ಮಾವರದ ಗ್ಯಾರೇಜಿಗೆ ಹೋದರು. ಕಾರನ್ನು ಶೆಡ್ಡಿನ ಒಳಗೆ ಮೂಲೆಯಲ್ಲಿ ನಿಲ್ಲಿಸಿದ್ದರು. ಕ್ಲೇಮ್ ಆಗುವವರೆಗೆ ಮುಟ್ಟಬೇಡಿ ಎಂದು ಹೇಳಿದ್ದರಿಂದ ಯಾರೂ ಮುಟ್ಟಿರಲಿಲ್ಲ. ಬಾನೆಟ್ ಮುದುಡಿತ್ತು, ಮುಂದಿನ ಬಂಪರ್ ಎಡಗಡೆ ಸೀಳಿತ್ತು.

ಪ್ರೇಮಾನಂದ ಫೋಟೋ ತೆಗೆಯಲು ಮೊಬೈಲ್ ಎತ್ತಿದರು. ಸ್ವರ್ಣಲತಾ ಅವರ ಕೈ ತಡೆದರು.

"ನಿಲ್ಲಿ. ಇದಕ್ಕೂ ಪೂಜಿ ಆಯ್ತಲ್ದಾ?"

ಬಾನೆಟ್ ಮೇಲೆ ಗಂಧದ ಮೂರು ಗೆರೆ, ನಡುವೆ ಕುಂಕುಮ. ತಗಡು ಮುದುಡಿದ ಕಡೆ ಗೆರೆಯೂ ಮಡಿಕೆಯ ಒಳಗೆ ಇಳಿದು ಮೇಲೆ ಹತ್ತಿತ್ತು. ಎಲ್ಲೂ ಬಿರುಕಿಲ್ಲ, ಎಲ್ಲೂ ಉದುರಿಲ್ಲ. ಒಣಗಿದ ಗಂಧವಿದ್ದ ತಗಡು ಆಮೇಲೆ ಮುದುಡಿದ್ದರೆ ಗಂಧ ಚಕ್ಕೆ ಚಕ್ಕೆಯಾಗಿ ಏಳಬೇಕಿತ್ತು. ಅವರು ಕೆಳಗೆ ಕುಳಿತು ಬಂಪರ್ ನೋಡಿದರು. ಬಾಡಿದ ಸೇವಂತಿಗೆಯ ಹಾರದ ಒಂದು ತುದಿಯನ್ನು ಬಲಗಡೆ ಜಾಲರಿಗೆ ಕಟ್ಟಿದ್ದರು. ಇನ್ನೊಂದು ತುದಿಯನ್ನು ಸೀಳಿದ ಬಂಪರಿನ ತೂತಿನಿಂದ ಒಳಗೆ ತೂರಿಸಿ, ಹೊರಗೆ ತೆಗೆದು, ಗಂಟು ಹಾಕಿದ್ದರು.

ಬಂಪರ್ ಒಡೆಯುವ ಮೊದಲು ಆ ತೂತೇ ಇರಲಿಲ್ಲ.

ಪ್ರೇಮಾನಂದ ಬಗ್ಗಿ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು. "ಕಂಡ್ರ್ಯಾ ಮೇಡಂ. ಅದಕ್ಕೇ ಒರ್ಸುಕಾಗ ಅಂದದ್ದ್."

ಇಬ್ಬರು ಪಂಚರ ಎದುರು ಪಂಚನಾಮೆ ಆಯಿತು. ಹಾರವನ್ನು ಬಿಚ್ಚದೆ, ಗಂಟು ಕಾಣುವ ಹಾಗೆ ಚಿತ್ರ ತೆಗೆದರು. ಮಧ್ಯಾಹ್ನ ಮೂರಕ್ಕೆ ರತೀಶ್ ಠಾಣೆಗೆ ಬಂದ.

"ಕಾರಿಗೆ ಪೂಜೆ ಮಾಡ್ಸಿದ್ರ್ಯಾ?"

ಇಂಥ ಪ್ರಶ್ನೆ ಅವನು ನಿರೀಕ್ಷಿಸಿರಲಿಲ್ಲ. "ಹೌದ್ ಮೇಡಂ. ಮಾಡ್ದೇ ಇಪ್ಪುಕಾತ್ತಾ?"

"ಎಲ್ಲಿ?"

"ಮನೆಯಗೇ. ಅಮ್ಮ ಮಾಡದ್ದ್."

"ಯಾವತ್ತ್?"

"ನವಮಿ ದಿನ."

"ಆಮೇಲೆ ಮತ್ತೊಂದ್ ಸಲ ಹಾರ ಹಾಕಿದ್ರ್ಯಾ?"

"ಇಲ್ಲಪ್ಪ, ಒಂದೇ ಸಲ."

"ಅವತ್ತ್ ಕಾರ್ ಸರಿ ಇತ್ತಾ?"

"ಸರಿ ಇತ್ತ್."

ಸ್ವರ್ಣಲತಾ ಹಾರದ ಚಿತ್ರವನ್ನು ಮೇಜಿನ ಮೇಲೆ ಅವನ ಕಡೆಗೆ ತಳ್ಳಿದರು. "ಸರಿ ಇದ್ದ್ ಬಂಪರಿನ ಒಳ್ಗೆ ಹಾರ ಹೆಂಗೆ ಹೋಯ್ತ್?"

ರತೀಶ್ ಚಿತ್ರವನ್ನು ನೋಡಿದ. ಕಣ್ಣು ಅಲ್ಲೇ ನಿಂತಿತು. ಹಣೆಯ ಬೆವರು ಒರೆಸಿಕೊಂಡ, ನೀರು ಕೇಳಿದ.

"ಒಡ್ದ್ ಗಾಡಿಗೆ ಪೂಜಿ ಬೇಡ ಅಂದೆ ಮೇಡಂ. ಅಮ್ಮ ಕೇಂಬುದಿಲ್ಲೆ. ಒಡ್ದದ್ದ್ ಕಾಂಬುಕಾಗ ಅಂದೇಳಿ ಹಾರವನ್ನೇ ಅಡ್ಡ ಕಟ್ತ್."

"ಗುದ್ದದ್ದ್ ಯಾರ್?"

"ನಾನೇ. ಮೊಬೈಲಗೆ ಹೋಟೆಲಿಂದ ಫೋನ್ ಬಂತ್, ಅದನ್ನ ಕಾಂತಾ ಇದ್ದೆ. ಓಮ್ನಿ ನಿಂತದ್ದ್ ಕಾಣ್ಲಿಲ್ಲ."

"ಮತ್ತೆ ಈ ದೂರ್?"

"ರಾಜೀವಣ್ಣ ಬರ್ದ್ ಕೊಟ್ಟದ್ದ್. ಪಾಲಿಸಿ ಶುರುವಾಪ ದಿನ ಅವ್ರೇ ನನ್ನ ಕರ್ಕಂಡ್ ಹೋಯಿ ಆ ಜಾಗದಲ್ಲಿ ಕಾರ್ ನಿಲ್ಸಿ ಫೋಟೋ ತೆಗ್ದ್ರ್. ಕಂಪನಿ ಕೊಡುದ್, ಜಲಜಕ್ಕನ ಕಿಸೆಯಿಂದ ಒಂದ್ ರೂಪಾಯಿ ಹೋತಿಲ್ಲೆ ಅಂದ್ರ್. ನಾ ಸೈ ಹಾಕ್ದೆ."

ಬಾಗಿ ಹಬ್ಬದ ನಂತರ ಕಂಡದ್ದು ಆ ಫೋಟೋಗೆಂದು ನಿಲ್ಲಿಸಿದ್ದ ಕಾರನ್ನು. ಪ್ರೇಮಾನಂದ ಅವಳಿಗೆ ಫೋನ್ ಮಾಡಿ, ಅಲ್ಲಿ ಓಮ್ನಿ ಇತ್ತೇ ಎಂದು ಕೇಳಿದರು. "ಓಮ್ನಿಯಾ? ಓಮ್ನಿ ಎಲ್ಲಿತ್ತ್? ಕಾರ್ ಅಂದಲೆ ನಾ ಹೇಳದ್ದ್!" ಎಂದಳು. ಬಚ್ಚನೂ ಸರಿ, ಬಾಗಿಯೂ ಸರಿ. ಓಮ್ನಿ ಇತ್ತೇ ಎಂದು ಶನಿವಾರವೇ ಕೇಳಬೇಕಿತ್ತು. ತಾವು ಕೇಳದೇ ಹೋದದ್ದಕ್ಕೆ ಸ್ವರ್ಣಲತಾಗೆ ತಮ್ಮ ಮೇಲೆಯೇ ಸಿಟ್ಟು ಬಂತು.

ಸಂಜೆ ಐದಕ್ಕೆ ಕೋಟದಲ್ಲಿ ರಾಜೀವರ ಆಫೀಸಿಗೆ ಜೀಪು ಹೋಯಿತು. ಒಂದೇ ಕೋಣೆ. ಮೇಜಿನ ಮೇಲೆ ಗಣಪತಿಯ ಪಟ, ಪಟದ ಮುಂದೆ ಉರಿಯುವ ಸಣ್ಣ ದೀಪ. ತಲೆ ಪೂರ್ತಿ ನೆರೆತ ರಾಜೀವ ಎದ್ದು ನಿಂತರು. ಪೊಲೀಸರನ್ನು ನೋಡಿ ಅಚ್ಚರಿಪಡಲಿಲ್ಲ.

"ಎಂತಕ್ ಮಾಡದ್ದ್ ರಾಜೀವಣ್ಣ?" ಕೇಳಿದ್ದು ಪ್ರೇಮಾನಂದ. ಕೇಳಬೇಕಾದವರು ಸಬ್ ಇನ್‌ಸ್ಪೆಕ್ಟರ್. ಅವರು ತಡೆಯಲಿಲ್ಲ.

"ದೊಡ್ಡಪ್ಪ ಹೋಯಿದ್ರ್," ರಾಜೀವ ಕುಳಿತುಕೊಂಡು ಹೇಳಿದರು. "ಸೂತಕದಗೆ ನಾ ಈ ದೀಪ ಹಚ್ಚುದಿಲ್ಲೆ. ದೀಪ ಹಚ್ಚದೆ ಪಾಲಿಸಿ ಮಾಡ್ದವ ಅಲ್ಲ ನಾನ್. ರತೀಶ ಮುಂಚೆಯೇ ದುಡ್ಡ್ ಕಳ್ಸಿದ್ದ. ಸೂತಕ ಕಳುಕೆ ಇನ್ನ್ ನಾಕ್ ದಿನ ಅಂದಾಗ ಗುದ್ದಿದೆ ಅಂದೇಳಿ ಫೋನ್ ಬಂತ್. ಗಾಡಿಗೆ ವಿಮೆಯೇ ಇಲ್ಲ ಅಂದ್ ಹೆಂಗೆ ಹೇಳುದ್? ಒಡ್ದ್ ಗಾಡಿಗೆ ಫುಲ್ ಪಾಲಿಸಿ ಯಾರೂ ಕೊಡ್ತಿಲ್ಲೆ, ಕಂಪನಿಯವ್ರ್ ಬಂದ್ ಕಾಂತ್ರ್. ಅದ್ಕೇ ಬರೀ ಥರ್ಡ್ ಪಾರ್ಟಿ ಮಾಡಿ, ಗುದ್ದದ್ದನ್ನ ಆ ದಿನಕ್ಕೆ ಹಾಕ್ದೆ."

"ತಪ್ಪಾಯ್ತ್ ಅಂದಿದ್ರೆ ಆತಿತ್ತಲೆ?" ಸ್ವರ್ಣಲತಾ ಕೇಳಿದರು.

"ಮೇಡಂ, ಈ ಊರಗೆ ಯಾರೂ ಪಾಲಿಸಿಯ ತಾರೀಕ್ ಕಾಂಬುದಿಲ್ಲ. ರಾಜೀವಣ್ಣ ಇದ್ರಲೆ ಅಂತ್ರ್. ಆ ಒಂದ್ ಮಾತಗೆ ಬದ್ಕಿದವ ನಾನ್. ಪಾಲಿಸಿ ಮಾಡ್ಲಿಲ್ಲ ಅಂದ್ ಹೇಳುಕೆ ಬಾಯಿ ಬರ್ಲಿಲ್ಲ."

"ಜಲಜಕ್ಕನ ಹೆಸ್ರ್ ಹೇಳುಕೆ ಬಾಯಿ ಬಂತಾ?"

"ದುಡ್ಡ್ ಕಂಪನಿದ್ ಅಂದೇಳಿ..."

"ಅವ್ರ್ ಗಾಡಿಗೆ ಒಂದ್ ಮಗುನೂ ಬತ್ತಿಲ್ಲೆ."

ರಾಜೀವ ಮುಖ ಎತ್ತಿದರು. ಈ ವಿಷಯ ಅವರಿಗೆ ಗೊತ್ತಿರಲಿಲ್ಲ ಎಂಬುದು ಸ್ವರ್ಣಲತಾಗೆ ಆ ಮುಖದಲ್ಲೇ ಕಂಡಿತು. ಲೆಕ್ಕ ಹಾಕುವಾಗ ಅವರು ಎರಡು ಕಂಪನಿಗಳನ್ನು ಹಿಡಿದಿದ್ದರು, ರತೀಶನ ಮರ್ಯಾದೆಯನ್ನು ಹಿಡಿದಿದ್ದರು, ತಮ್ಮದನ್ನೂ ಹಿಡಿದಿದ್ದರು. ಜಲಜರದ್ದು ಬಿಟ್ಟುಹೋಗಿತ್ತು.

ಸುಳ್ಳು ದೂರು ಮತ್ತು ವಂಚನೆಯ ಆರೋಪದಲ್ಲಿ ರಾಜೀವರ ದಸ್ತಗಿರಿ ಆದದ್ದು ಸಂಜೆ ಐದು ನಲವತ್ತಕ್ಕೆ. ರತೀಶ್ ಎರಡನೇ ಆರೋಪಿ. ಜಲಜರ ಮೇಲಿನ ಪ್ರಕರಣ ಸುಳ್ಳೆಂದು ನ್ಯಾಯಾಲಯಕ್ಕೆ ವರದಿ ಹೋಗುತ್ತದೆ. ರಾಜೀವ ದೀಪವನ್ನು ಹೂವಿನಿಂದ ಆರಿಸಿ, ಬಾಗಿಲು ಎಳೆದು, ಬೀಗ ಹಾಕಿದರು. ಜೀಪು ಹತ್ತುವ ಮುಂಚೆ ತಿರುಗಿ ನಿಂತರು.

"ಮೇಡಂ, ಜಲಜಕ್ಕನ ಓಮ್ನಿದ್ ಪಾಲಿಸಿ ಈ ತಿಂಗಳ್ ಕಡೆಗೆ ಮುಗಿತ್. ಮರೂದ್ ಬೇಡ ಅಂದೇಳಿ ಅವ್ರಿಗೆ ಹೇಳಿ."

ಮರುದಿನ ಬೆಳಿಗ್ಗೆ ಸ್ವರ್ಣಲತಾ ತಾವೇ ತೆಕ್ಕಟ್ಟೆಗೆ ಹೋದರು. ಪ್ರಕರಣ ಸುಳ್ಳೆಂದು ಬರೆದ ಕಾಗದದ ಪ್ರತಿ ಕೊಟ್ಟು, ಇದನ್ನು ಮಕ್ಕಳ ಮನೆಯವರಿಗೆ ತೋರಿಸಿ, ಯಾರಾದರೂ ಕೇಳಿದರೆ ಠಾಣೆಗೆ ಫೋನ್ ಮಾಡಲು ಹೇಳಿ, ನಾನೇ ಮಾತಾಡುತ್ತೇನೆ ಎಂದರು. ಜಲಜ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅಂಗಳದಲ್ಲಿ ಓಮ್ನಿ ನಿಂತಿತ್ತು, ಹಿಂದಿನ ಬಾಗಿಲಿಗೆ ಅದೇ ಹಗ್ಗ.

ಆಮೇಲೆ ರಾಜೀವ ಹೇಳಿ ಕಳಿಸಿದ್ದನ್ನೂ ಹೇಳಿದರು.

ಜಲಜ ಓಮ್ನಿಯ ಹತ್ತಿರ ಹೋದರು. ಸಿಟ್ಟು ಬರಬೇಕಿತ್ತು, ಬಂದ ಹಾಗೆ ಕಾಣಲಿಲ್ಲ.

"ಅವ್ರೇ ನೆನಪ್ ಮಾಡಿ ಹೇಳ್ರಾ?"

"ಹೌದ್."

"ನಮ್ಮನಿಯವ್ರ್ ಇಪ್ಪಾಗಲೂ ಅವ್ರೇ ಮಾಡ್ತಿದ್ದದ್ದ್. ತಾರೀಕ್ ಎಂತ ಅಂದ್ ನಾ ಒಂದ್ ದಿನ ಕಂಡವ್ಳಲ್ಲ." ಅವರು ಹಗ್ಗದ ಗಂಟನ್ನು ಸುಮ್ಮನೆ ಬಿಗಿ ಮಾಡಿದರು. "ಇನ್ನ್ ಯಾರತ್ರ ಮಾಡ್ಸುದ್ ಮೇಡಂ?"

ಸ್ವರ್ಣಲತಾ ತಿರುಗಿ ನೋಡಿದರು. ಜೀಪಿನ ಹತ್ತಿರ ಪ್ರೇಮಾನಂದ ಬಗ್ಗಿ ನಿಂತು, ತಮ್ಮ ಬೈಕಿನ ನಂಬರನ್ನು ಮೊಬೈಲಿನಲ್ಲಿ ಹಾಕಿ ವಿಮೆಯ ತಾರೀಕು ನೋಡುತ್ತಿದ್ದರು.