ಪಶ್ಚಿಮದ ಕಿಟಕಿಗಳು

"ನನ್ನ ಕಿಟಕಿಗಳು ನಿಮಗೇನು ಅನ್ಯಾಯ ಮಾಡಿದ್ವು, ಹೇಳಿ!"

ಆರ್ಕಿಟೆಕ್ಟ್ ನಕ್ಷೆಯನ್ನು ಅವಳ ಮೇಜಿನ ಮೇಲೆ ಕುಕ್ಕಿದ. ಅವಳು ತಲೆ ಎತ್ತಲಿಲ್ಲ. ಎತ್ತಿದರೆ ಆ ಕಣ್ಣುಗಳು... ಬೇಡಪ್ಪಾ ಬೇಡ!

ಕಟ್ಟಡಕ್ಕೆ ಬೇಸಿಗೆಯಲ್ಲಿ ಎಷ್ಟು ತಂಪು ಬೇಕು, ಚಳಿಗಾಲದಲ್ಲಿ ಎಷ್ಟು ಬಿಸಿ ಬೇಕು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಅವಳ ಕೆಲಸ. ಅವನು ಕಟ್ಟಿಸುತ್ತಿದ್ದ ಮಕ್ಕಳ ಗ್ರಂಥಾಲಯದ ಲೆಕ್ಕ ಮಾತ್ರ ಹಟಮಾರಿ ಮಗುವಿನಂತೆ ರಚ್ಚೆ ಹಿಡಿದಿತ್ತು. ಎಷ್ಟು ಸಲ ಹಾಕಿದರೂ ಅದೇ ರಾಗ: ದೊಡ್ಡ ಕಿಟಕಿಗಳಿಂದ ವಿಪರೀತ ಸೆಕೆ, ಮುಚ್ಚಿಸಿ, ಇಲ್ಲವೇ ಎರಡರಷ್ಟು ದೊಡ್ಡ ಎಸಿ ಹಾಕಿಸಿ.

"ನಾನೇನ್ರೀ ಮಾಡ್ಲಿ? ಸಾಫ್ಟ್‌ವೇರ್ ಹೇಳಿದ್ದನ್ನೇ ಬರೆದಿದ್ದೀನಿ."

"ಎಸಿ ಮಾರೋದು ನಿಮ್ಮ ಭಾವ ತಾನೇ?"

ಎದೆಗೆ ಚೂರಿ ಹಾಕಿದಂತಾಯಿತು. ಇಂಥವನ ಹೆಜ್ಜೆ ಸಪ್ಪಳಕ್ಕೆ ಕಾಯ್ತಿದ್ದೆನಲ್ಲಾ... ಥೂ, ನನ್ನ ಬುದ್ಧಿಗಿಷ್ಟು!

"ಹೊರಡಿ ಇಲ್ಲಿಂದ."

ಸಂಜೆಯೊಳಗೆ ವರದಿಗೆ ಅವಳ ಸಹಿ ಬೀಳಬೇಕಿತ್ತು. ಬಿದ್ದರೆ ನಾಳೆ ಗಾರೆಯವರು ಕಿಟಕಿಗಳಿಗೆ ಇಟ್ಟಿಗೆ ಕಟ್ಟೇಬಿಡುತ್ತಾರೆ.

ಪೆನ್ನು ಹಿಡಿದಳು. ಒಮ್ಮೆ ಕಣ್ಣಾರೆ ನೋಡಿಬಿಡೋಣ ಎನ್ನಿಸಿತು. ಸಿಡಿಮಿಡಿಗೊಳ್ಳುತ್ತಲೇ ಲ್ಯಾಪ್‌ಟಾಪ್ ಎತ್ತಿಕೊಂಡು ಕಟ್ಟಡಕ್ಕೆ ಹೋದಳು.

ಇಳಿಬಿಸಿಲು ಕಿಟಕಿಯೇ ಇಲ್ಲದ ಗೋಡೆಗೆ ಬಡಿಯುತ್ತಿತ್ತು. ಅವಳು ಪಶ್ಚಿಮದವೆಂದುಕೊಂಡಿದ್ದ ದೊಡ್ಡ ಕಿಟಕಿಗಳ ಬಳಿ ತಣ್ಣನೆಯ ನೆರಳು!

ಥಟ್ಟನೆ ಹೊಳೆಯಿತು. ಹಾಳೆಯಲ್ಲಿ ಹಿಡಿಸಲೆಂದು ಅವನು ನಕ್ಷೆಯನ್ನು ಅಡ್ಡ ತಿರುಗಿಸಿ ಬರೆದಿದ್ದ. ಹಾಳೆಯ ಮೇಲ್ಭಾಗವೇ ಉತ್ತರ ದಿಕ್ಕೆಂದು ಸಾಫ್ಟ್‌ವೇರ್ ನಂಬಿತ್ತು. ಮೂಲೆಯಲ್ಲಿದ್ದ ದಿಕ್ಕಿನ ಬಾಣವನ್ನು ಅವಳೂ ನೋಡಿರಲಿಲ್ಲ. ಉತ್ತರದ ಕಿಟಕಿಗಳನ್ನು ಇಡೀ ವಾರ ಪಶ್ಚಿಮದ ಬಿಸಿಲಲ್ಲಿ ಬೇಯಿಸಿದ್ದಳು!

ಅಲ್ಲೇ ಕೂತು ದಿಕ್ಕು ಸರಿಪಡಿಸಿದಳು. ತಂಪಿನ ಲೆಕ್ಕ ಅರ್ಧಕ್ಕರ್ಧ ಇಳಿಯಿತು.

ಹಿಂದೆ ಯಾರೋ ಕೆಮ್ಮಿದರು. ಅವನೇ!

"ಲೆಕ್ಕ ತಪ್ಪಾಗಿತ್ತು. ದಿಕ್ಕಿನ ಬಾಣ ನಾನು ನೋಡಿರಲಿಲ್ಲ. ನಿಮ್ಮ ಕಿಟಕಿಗಳು ಉಳಿದವು," ಎಂದಳು ಒರಟಾಗಿ.

"ನಕ್ಷೆ ತಿರುಗಿಸಿದ್ದನ್ನ ನಾನೂ ಹೇಳಲಿಲ್ಲ..."

"ಅದು ಬಿಡಿ. ಭಾವನ ಬಗ್ಗೆ ಆಡಿದ ಮಾತು?"

ಅವನ ತಲೆ ತಗ್ಗಿತು. "ಸಿಟ್ಟಲ್ಲಿ ನಾಲಿಗೆ ಜಾರಿತು. ಕ್ಷಮೆ ಕೇಳೋಕೆ ಮುಖ ಇಲ್ಲ. ಆದ್ರೆ... ದಿನಾ ಬಂದು ಜಗಳ ಆಡ್ತಿದ್ದೆನಲ್ಲ, ಬರೀ ಕಿಟಕಿಗೋಸ್ಕರ ಅನ್ಕೊಂಡ್ರಾ? ಅದನ್ನ ಫೋನಲ್ಲೇ ಆಡಬಹುದಿತ್ತು."

ಅವಳ ಕೋಪ ಕರಗಿತು. ಕಣ್ಣು ಮಾತ್ರ ತುಂಬಿ ಬಂತು.

"ಮೊದಲು ಭಾವನ ಹತ್ರ ಹೋಗಿ ತಪ್ಪಾಯ್ತು ಅನ್ನಿ."

"ಅಂತೀನಿ. ಆಮೇಲೆ?"

"ಆಮೇಲೆ... ಅಕ್ಕನೂ ಮನೇಲೇ ಇರ್ತಾಳೆ. ನನ್ನ ವಿಷಯಾನೂ ಅಲ್ಲೇ ಮಾತಾಡಿಬಿಡಿ."

"ನಿಮ್ಮನ್ನ ಒಂದು ಮಾತು ಕೇಳೋದು ಬೇಡ್ವಾ?"

"ದಿನಾ ಜಗಳಕ್ಕೆ ಬಾಗಿಲು ತೆಗೀತಿದ್ದೆನಲ್ಲಾ, ದಡ್ಡ!"